ಬಾಣಲೆಯಲ್ಲೇ ಉಳಿದ ಅಕ್ಕಿ

ಚಹಾ ಅಂಗಡಿಯ ಯಜಮಾನರೂ ರುಚಿಯ ಸರ್ವಾಧಿಕಾರಿಗಳೂ ಆದ ಅಪ್ಪನವರಿಗೆ, ಮಗಳು ಭಯಭಕ್ತಿಯಿಂದ ಮಾಡುವ ನಮಸ್ಕಾರ.

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದೇನೆ. ಎದುರಿಗೇ ಹೇಳೋಣವೆಂದು ಸಂಜೆಯಿಂದ ಅಡುಗೆಮನೆಗೂ ನಿಮ್ಮ ಕೋಣೆಗೂ ಓಡಾಡಿದೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ? ಒಂದ್ ಕಡೆ ಕೂತ್ಕೋ" ಎಂದು ಬೈದಿರಿ. ಕೂತರೆ ಇನ್ನೂ ಕಷ್ಟ.

ಮಧ್ಯಾಹ್ನ ನಿಮ್ಮ ಮುಂದೆ ಜಪಾನಿನ ಹಸಿರು ಚಹಾ ಇಟ್ಟೆನಲ್ಲ, ಹುರಿದ ಕಂದು ಅಕ್ಕಿ ಬೆರೆಸುವಂಥದ್ದು? ನೀವು ಗುಟುಕರಿಸಿ, ಕಣ್ಣು ಮುಚ್ಚಿ, "ಅಕ್ಕಿ ಹದವಾಗಿ ಹುರಿದಿದೆ ಕಣೇ, ಘಮ್ಮಂತಿದೆ" ಎಂದು ತೀರ್ಪು ಕೊಟ್ಟಿರಿ. ಒಳಗೆ ಬಂದು ನೋಡಿದರೆ, ಅಕ್ಕಿ ಅಷ್ಟೂ ಬಾಣಲೆಯಲ್ಲೇ ತಣ್ಣಗೆ ಕೂತಿತ್ತು. ನಾನು ಬೆರೆಸಲು ಮರೆತಿದ್ದೆ.

ಅಂದರೆ, ಜ್ವರ ಬಿಟ್ಟರೂ, ಅದರ ಜೊತೆ ಹೋದ ವಾಸನೆ ತಮ್ಮ ಮೂಗಿನ ಕಡೆ ಇನ್ನೂ ತಲೆಹಾಕಿಲ್ಲ. "ಎಲ್ಲ ಸರಿಹೋಯ್ತು" ಎಂದು ನೀವು ಹೇಳಿಕೊಂಡು ತಿರುಗಿದ್ದು ನಮ್ಮ ಸಮಾಧಾನಕ್ಕೆ.

ನಾಳೆ ಬರುವ ಹೋಟೆಲಿನವರು ನಿಮ್ಮ ಮಾತನ್ನು ನಂಬಿಯೇ ವರ್ಷಕ್ಕಾಗುವಷ್ಟು ಈ ಚಹಾ ಕೊಳ್ಳುವವರು. ಅವರ ಮುಂದೆ ನೀವು ತಪ್ಪು ಹೇಳುವುದನ್ನು ನಾನು ನೋಡಲಾರೆ. ಆದ್ದರಿಂದ ಒಂದು ವಿನಂತಿ. ಪ್ರತಿ ಬಟ್ಟಲನ್ನೂ ಮೊದಲು ನಾನು ಕುಡಿಯುತ್ತೇನೆ. ಅಕ್ಕಿ ಹದವಾಗಿದ್ದರೆ ಕನ್ನಡಕ ಸರಿಮಾಡಿಕೊಳ್ಳುತ್ತೇನೆ, ಸೀದಿದ್ದರೆ ಕೆಮ್ಮುತ್ತೇನೆ. ಆಮೇಲೆ ನೀವು ಎಂದಿನ ಗತ್ತಿನಲ್ಲೇ ಅಪ್ಪಣೆ ಕೊಡಿಸಿ. ಕಣ್ಣು ಮಾತ್ರ ಮುಚ್ಚಬೇಡಿ.

ಅವರು ಹೋದ ಮೇಲೆ ಡಾಕ್ಟರ ಹತ್ತಿರ ಹೋಗೋಣ. ಅಮ್ಮನಿಗೆ ಹೇಳುವುದು ನಿಮಗೇ ಬಿಟ್ಟದ್ದು. ಈ ಕಾಗದಕ್ಕೆ ಉತ್ತರವೇನೂ ಬೇಡ.

ಇಂತಿ,
ನಿಮ್ಮ ಮಗಳು ಹಾಗೂ ಹಂಗಾಮಿ ಮೂಗು