ಅಕ್ಕ ಕೊಟ್ಟ ಮಾತು

ಹದಿನಾಲ್ಕನೇ ತಾರೀಕು, ಬುಧವಾರ

ಅಕ್ಷರ ಕಾಗೆಕಾಲು ಗುಬ್ಬಿಕಾಲು, ತಪ್ಪುಗಳೂ ಇರುತ್ತವೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ, ಕ್ಷಮೆಯಿರಲಿ.

ಅಕ್ಕ ಯೂನಿವರ್ಸಿಟಿಯ ವ್ಯಾಪಾರ ಕಾನೂನಿನ ಪಾಠ ಒಪ್ಪಿಸುವಾಗ ನಾನೇ ಜಡ್ಜು. ಇವತ್ತು, "ಬಾಯಿಮಾತೂ ಒಪ್ಪಂದವೇ" ಎಂದಳು.

"ನಾನು ಶಾಲೆ ಬಿಟ್ಟು ಹೊಲಿಗೆಗೆ ಸೇರಿದಾಗ, ಮುಂದೆ ನಿನ್ನನ್ನೂ ಓದಿಸ್ತೀನಿ ಅಂದಿದ್ಯಲ್ಲ ಅಕ್ಕಾ, ಅದೂ ಒಪ್ಪಂದಾನಾ?" ಎಂದು ಮೆಲ್ಲಗೆ ಕೇಳಿದೆ.

ಅಕ್ಕ ನಕ್ಕಳು. "ಅಯ್ಯೋ ಜಡ್ಜಮ್ಮಾ! ಒಪ್ಪಂದ ಅಂದ್ರೆ ಎರಡೂ ಕಡೆಯವರು ಏನಾದ್ರೂ ಕೊಡ್ಬೇಕು ಕಣೇ. ನೀನೇನು ಕೊಟ್ಟೆ?"

ತಮಾಷೆಗೇ ಅಂದಳು. ಈಗ ಅವಳು ಮಲಗಿದ್ದಾಳೆ. ಅವಳ ದಪ್ಪ ಪುಸ್ತಕದ ಮೇಲೆ ಕೈಯಿಟ್ಟು ಕೂತಿದ್ದೇನೆ. ಇದನ್ನು ನಾನೇ ಓದುವಂತಾದರೆ...

ಇವತ್ತು ಬೆಳಿಗ್ಗೆ ಹೊಲಿಗೆ ಅಂಗಡಿಗೆ ಹೊರಡುವ ಮುಂಚೆ, ಅವಳ ಕಾಲೇಜಿನ ಕರಿಕೋಟಿನ ಕಿತ್ತುಹೋಗಿದ್ದ ಗುಂಡಿ ಹೊಲಿದು, ಇಸ್ತ್ರಿ ಮಾಡಿ, ಮೊಳೆಗೆ ತೂಗುಹಾಕಿದ್ದೆ.