ಹಾಡಿನಿಂದ ಕತ್ತರಿಸಿದ ಕೆಮ್ಮು

ಮಾರಿಕುಪ್ಪಂ,
ಭಾನುವಾರ, 9 ನವೆಂಬರ್ 2025

ಧನುಶ್ರೀಯ ಅಪ್ಪನವರಿಗೆ ಆದಿಲಕ್ಷ್ಮಿಯ ನಮಸ್ಕಾರಗಳು.

ಹೇಗಿದ್ದೀರಿ? ಹಿಮಾಚಲದಲ್ಲಿ ಚಳಿ ಜೋರಾಗಿರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ? ನಾನು ಕಳಿಸಿದ ಸ್ವೆಟರನ್ನು ಹಾಳಾದೀತೆಂದು ಮಡಿಸಿಟ್ಟಿರುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಇಲ್ಲಿ ನಾನು, ಮಗಳು ಚೆನ್ನಾಗಿದ್ದೇವೆ. ಅತ್ತೆಯ ವಿಷಯ ಮುಂದೆ ಬರೆಯುತ್ತೇನೆ. ಫೋನಿನಲ್ಲಿ ಏನು ಕೇಳಿದರೂ ನಕ್ಕು ಮಾತು ಮರೆಸುತ್ತೀರಿ, ಅದಕ್ಕೇ ಈ ಕಾಗದ.

ಸುರಂಗದ ಕೆಲಸ ಮುಗಿಸಿ ವಾರ ವಾರವೂ ಅತ್ತೆಗೆಂದು ನೀವು ಹಾಡಿ ಕಳಿಸುವ ಭಜನೆಗಳು ಮೆಮರಿ ಕಾರ್ಡ್ ಹಾಕುವ ಅವರ ಪುಟ್ಟ ರೇಡಿಯೋದಲ್ಲಿ ಬರುತ್ತಿರಲಿಲ್ಲ. ಫೋನಿನ ಫೈಲನ್ನು ಅದು ಓದುವುದಿಲ್ಲ, ಎಂಪಿ ತ್ರೀ ಆಗಬೇಕು. ಬಂಗಾರಪೇಟೆಯಲ್ಲಿ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ವನಿತಕ್ಕ ಕಂಪ್ಯೂಟರಿಗೆ ಎರಡು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಟ್ಟರು, ಒಂದು ಹಾಡು ಕೇಳುವುದಕ್ಕೆ, ಇನ್ನೊಂದು ಹಾಡನ್ನು ಕತ್ತರಿಸಿ ಎಂಪಿ ತ್ರೀ ಮಾಡುವುದಕ್ಕೆ. ಕಳ್ಳ ಕಾಪಿಯಲ್ಲ, ಯಾರೋ ಪುಣ್ಯಾತ್ಮರು ಎಲ್ಲರೂ ಬಳಸಲಿ ಎಂದೇ ಮಾಡಿಟ್ಟಿದ್ದಾರಂತೆ. ಅದರಲ್ಲಿ ನಿಮ್ಮ ದನಿ ಗೆರೆಗೆರೆಯಾಗಿ ಕಾಣುತ್ತದೆ. ನೀವು ಕೆಮ್ಮಿದ ಕಡೆ ಗೆರೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೂ ಆರಿಸಿ ತೆಗೆದೆ. ಚಳಿಗೆ ಗಂಟಲು ಕೆಟ್ಟಿದೆ ಎಂದುಕೊಂಡೆ. ಅತ್ತೆ ಕೇಳುವಾಗ ಹಾಡು ಚೆಂದವಿರಲಿ ಎಂಬ ಆಸೆ ಬೇರೆ. ಫೋನು ತುಂಬಿತೆಂದು ನೀವು ಕಳಿಸಿದ ಮೂಲ ಹಾಡುಗಳನ್ನೂ ಅಳಿಸುತ್ತಾ ಬಂದೆ. ಅತ್ತೆ ದಿನಾ ಬೆಳಿಗ್ಗೆ ರೇಡಿಯೋ ಮಡಿಲಲ್ಲಿಟ್ಟುಕೊಂಡು, ನನ್ ಮಗನ ಪಾಟ ಎಂದು ನಿಮ್ಮ ಹಾಡನ್ನು ಲೈನ್ ಮನೆಗಳವರಿಗೆಲ್ಲ ಕೇಳುವ ಹಾಗೆ ಜೋರಾಗಿ ಹಾಕುತ್ತಿದ್ದರು. ನನಗೂ ಜಂಬವೇ.

ಹೋದ ವಾರ ಜ್ವರ ಬಂದು ನಾನು ಅಂಗಡಿಗೆ ಹೋಗಲಿಲ್ಲ. ಧನು ನಿಮ್ಮ ಹೊಸ ಹಾಡನ್ನು ಫೋನಿನಲ್ಲೇ ಹಾಕಿ ಅಜ್ಜಿಯ ಕಿವಿಗೆ ಹಿಡಿದಳು. ನೀವು ಚರಣದ ಮಧ್ಯೆ ನಿಲ್ಲಿಸಿ ಕೆಮ್ಮಿದಿರಿ. ರಾಗಿ ಕೇರುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. “ಇದು ನೆಗಡಿ ಕೆಮ್ಮಲ್ಲ ಕಣಮ್ಮಿ. ನಿಮ್ಮ ಮಾವ ಮೈಸೂರು ಮೈನ್ಸಾಗೆ ಚಿನ್ನದ್ ಕಲ್ಲು ಕೊರ್ದು ಬಂದು ಇಂಗೇ ಕೆಮ್ತಿದ್ರು. ಕೆಮ್ಮಿ ಕೆಮ್ಮೀನೇ ಸತ್ರು” ಎಂದರು.

ಮಾರನೇ ದಿನ ಬಂಗಾರಪೇಟೆಯ ಡಾಕ್ಟರಿಗೆ ಅದನ್ನು ಕೇಳಿಸಿದೆ. ಬರೀ ಸದ್ದು ಕೇಳಿ ನಾನೇನು ಹೇಳಲಮ್ಮ, ಎಕ್ಸ್‌ರೇ ತೆಗೆಸಬೇಕು, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಕೆಮ್ಮು ಯಾವಾಗ ಶುರುವಾಯಿತು, ಹೇಗೆ ಹೆಚ್ಚಾಯಿತು, ಎಲ್ಲ ಆ ಹಾಡುಗಳಲ್ಲೇ ಇತ್ತು; ಅಷ್ಟನ್ನೂ ಕೈಯಾರೆ ಕತ್ತರಿಸಿ ಎಸೆದಿದ್ದೆ. ನಿಮ್ಮ ಮೇಲೂ ಕೋಪವಿದೆ. ಮಾವನವರ ಕೊನೆಗಾಲವನ್ನು ಕಣ್ಣಾರೆ ಕಂಡ ನೀವು ಅದೇ ಕಲ್ಲಿನ ಧೂಳಿಗೆ ಹೋಗಿ ನಿಂತಿರಲ್ಲ, ಕೆಮ್ಮು ಬಂದ ಮೇಲಾದರೂ ಒಂದು ಮಾತು ಹೇಳಬಾರದಿತ್ತೇ?

ಮಗಳು ಮುತ್ತು ಕಳಿಸಿದ್ದಾಳೆ. ಅತ್ತೆಯ ಆಶೀರ್ವಾದ ಎಂದು ಬರೆಯಹೋದರೆ ಅವರು ತಡಿ ಎಂದಿದ್ದಾರೆ.

ನಿಮ್ಮ ದಾರಿ ಕಾಯುವ,
ಆದಿಲಕ್ಷ್ಮಿ

ಕಾಗದ ಮಡಿಸುವ ಮುಂಚೆ: ಅತ್ತೆ ರೇಡಿಯೋವನ್ನು ಟ್ರಂಕಿಗೆ ಹಾಕಿ ಬೀಗ ಜಡಿದಿದ್ದಾರೆ. ಇದು ತಲುಪಿದ ಕೂಡಲೇ ರೈಲು ಹತ್ತಿಬಿಡಿ, ಸಂಬಳದ ಲೆಕ್ಕಾಚಾರ ಆಮೇಲೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: “ಪಾಟ ಸಾಕು ಅಂತ ಬರಿ. ಕೆಮ್ಮೋದಾದ್ರೆ ಬಂದು ನನ್ ಮುಂದೆ ಕೆಮ್ಮು ಅಂತ ಬರಿ.”