ಕಡಲಕಳೆಗೆ ಹೂವಿನ ಗಂಟು

ಕುಂಬಾರಕೊಪ್ಪಲು, ಮೈಸೂರು

ಕಡಲಕಳೆ ಬೆಳೆಯುವುದನ್ನು ಕಲಿಸುವ ಮೇಡಂ ಅವರಿಗೆ ಶರಣು.

ನಾನು ನಿಮ್ಮಲ್ಲಿ ತರಬೇತಿಗೆ ಬಂದಿರುವ ಶಿಲ್ಪಶ್ರೀಯ ತಾಯಿ. ಮೀನುಗಾರರ ಜೊತೆ ಕೂತು ಹೇಗೆ ಕಲಿಯುತ್ತಿದ್ದೇನೆ ನೋಡಮ್ಮ ಎಂದು ಅವಳು ನಿನ್ನೆ ಒಂದು ವಿಡಿಯೋ ಕಳಿಸಿದಳು. ಅದರಲ್ಲಿ ನಿಮ್ಮ ಮುಖವಿಲ್ಲ, ಕೈಕಾಲು ಮಾತ್ರ ಇವೆ. ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಎರಡು ಸುತ್ತು ಹಾಕಿ ಕಳೆಯ ತುಂಡು ಕಟ್ಟುತ್ತೀರಿ. "ಗಂಟು ಬಿಗಿಯಾಗ್ಲಿ ಕಣಮ್ಮ, ಕತ್ತು ಇಸುಕ್ಬುಡ್ಬೇಡ" ಅನ್ನುತ್ತೀರಿ.

ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ನಾನು ಕೂತಲ್ಲಿಂದ ಏಳಲಿಲ್ಲ.

ಮೇಡಂ, ಕಡಲಕಳೆಗೆ ಕತ್ತು ಇರುವುದಿಲ್ಲ. ಅದು ಮಲ್ಲಿಗೆ ಕಟ್ಟುವಾಗ ನಮ್ಮವ್ವ ಹೇಳುತ್ತಿದ್ದ ಮಾತು. ಅವ್ವ ಎಷ್ಟು ಬೈದರೂ ಎಡಗೈಯಲ್ಲೇ ಹೂ ಕಟ್ಟುತ್ತಿದ್ದವಳು ನನ್ನ ತಂಗಿ ಸರ್ವಮಂಗಳಾ. ಅಪ್ಪನ ಮಾತು ಮೀರಿ ಮೀನುಗಾರನೊಬ್ಬನನ್ನು ಮದುವೆಯಾಗಿ ಕರಾವಳಿಗೆ ಹೋದಳು. ಜ್ವರ ಬಂದು ತೀರಿಕೊಂಡಳು, ಮಣ್ಣು ಮಾಡಿ ಬಂದೆ ಎಂದು ಅಪ್ಪ ಹೇಳಿದರು. ಇಪ್ಪತ್ತನಾಲ್ಕು ವರ್ಷದಿಂದ ಅವಳ ಫೋಟೋಗೆ ನಾನೇ ಹೂ ಕಟ್ಟಿ ಹಾಕುತ್ತಿದ್ದೇನೆ. ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಕೇಳೋಣವೆಂದರೆ ಯಾರನ್ನು ಕೇಳಲಿ?

ಫೋನ್ ಮಾಡಲು ಧೈರ್ಯ ಬರಲಿಲ್ಲ, ಅದಕ್ಕೇ ಕಾಗದ. ಶಿಲ್ಪ ಖಾರ ತಿನ್ನುವುದಿಲ್ಲ. ಮೀನುಸಾರಿನ ಸೌಟನ್ನು ಅವಳ ಅನ್ನಕ್ಕೆ ಮುಟ್ಟಿಸಬೇಡಿ. ನೀವು ಯಾರೆಂದು ಅವಳಿಗೆ ನಾನು ಹೇಳಿಲ್ಲ, ನೀವೇ ಹೇಳಿ.

ಇವತ್ತು ಬೆಳಿಗ್ಗೆಯೂ ಅಭ್ಯಾಸಬಲದಿಂದ ಹೂ ಕಟ್ಟಿದೆ. ಫೋಟೋಗೆ ಹಾಕಲು ಕೈ ಬರಲಿಲ್ಲ. ಇದರ ಜೊತೆಗೇ ಇಟ್ಟು ಕಳಿಸುತ್ತಿದ್ದೇನೆ. ಬಾಡಿದ್ದರೂ ಮುಡಿದುಕೊಳ್ಳೇ, ಮಂಗಳಾ.

ನಿನ್ನ ಅಕ್ಕ,
ದಾಕ್ಷಾಯಿಣಿ